ಗದ್ದೆ ಕೆಸರಿನಲ್ಲಿ ಕುದುರೆ ಓಡಿಸಿದವರಿಗೆ

ಯುದ್ಧ ಸಮತೋಲನ ವಿಭಾಗದ ಮುಖ್ಯಸ್ಥರೇ,

ಮಾನ್ಯರೇ ಎಂದು ಶುರು ಮಾಡಬೇಕೆಂದು ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ಮಾನ್ಯತೆಯ ಪ್ರಶ್ನೆಯನ್ನು ಪತ್ರದ ಕೊನೆಯಲ್ಲಿ ನೋಡೋಣ, ಮೊದಲು ದೂರು. ನಿಮ್ಮ ಚಾರಿತ್ರಿಕ ಯುದ್ಧದ ಆಟಕ್ಕೆ ನೀವು ಹೋದ ತಿಂಗಳು ಕಳಿಸಿದ ಅಪ್‌ಡೇಟಿನಿಂದಾಗಿ ನಾನು ಈಗಲೂ ದಿನಾ ಬೆಳಿಗ್ಗೆ ಇನ್ನೊಬ್ಬರ ಸ್ನಾನದ ನೀರನ್ನು ಮಹಡಿಗೆ ಹೊರುತ್ತಿದ್ದೇನೆ. ನನ್ನ ಜೊತೆ ಮೊದಲ ವರ್ಷದ ಎಲ್ಲ ಹುಡುಗರೂ ಹೊರುತ್ತಿದ್ದಾರೆ. ಭಾನುವಾರ ಬಟ್ಟೆಯನ್ನೂ ಒಗೆಯುತ್ತಿದ್ದೇವೆ. ಒಬ್ಬನಿಗೆ ಕಾಲೇಜಿನ ಕಬಡ್ಡಿ ತಂಡ ಕೈತಪ್ಪಿದೆ. ಈಟಿ ಪಡೆಯ ಪಕ್ಕದಲ್ಲಿದ್ದ ಒಂದು ಅಂಕಿಯನ್ನು ನೀವು ಅಳಿಸಿ ಇನ್ನೊಂದನ್ನು ಬರೆದಿರಿ, ಅಷ್ಟೇ. ಅಷ್ಟಕ್ಕೇ ಹುಣಸೂರಿನ ಒಂದು ಹಾಸ್ಟೆಲ್ಲಿನಲ್ಲಿ ಇಷ್ಟೆಲ್ಲ ಆಗಿದೆ ಎಂದು ನಿಮಗೆ ಯಾರೂ ಹೇಳಿರಲಾರರು. ಹಾಗಾಗಿ ನಾನೇ ಹೇಳುತ್ತಿದ್ದೇನೆ, ನಾಲ್ಕು ಜನ ಕೇಳುವ ಹಾಗೆ.

ನಿಮ್ಮ ಆಟದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ನಿಮಗೊಂದು ಜಾಹೀರಾತಾದೀತು. ಇನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದರೆ, ಇಂಗ್ಲಿಷಿನಲ್ಲಿ ಒಮ್ಮೆ ಬರೆದು ನೋಡಿಯಾಗಿದೆ. ಐದನೇ ಕ್ಲಾಸಿನಿಂದ ನಾನು ಇಂಗ್ಲಿಷ್ ಮೀಡಿಯಂ ವಸತಿ ಶಾಲೆಗಳಲ್ಲಿ ಬೆಳೆದವನು, ಬೈಗುಳ ಕನ್ನಡದಲ್ಲಿ ಬಂದರೂ ಭಯವಾಗುವುದು ಇಂಗ್ಲಿಷಿನಲ್ಲೇ. ಆಟದ ಸಹಾಯ ವಿಭಾಗಕ್ಕೆ ಎರಡು ಪುಟ ದೂರು ಬರೆದು, ವ್ಯಾಕರಣ ಎರಡು ಸಲ ನೋಡಿ, ಹೆದರುತ್ತಲೇ ಕಳಿಸಿದೆ. ಬೆರಳು ತೆಗೆಯುವುದರೊಳಗೆ ಉತ್ತರ ಬಂತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದಿತ್ತು. ಆ ಅಮೂಲ್ಯಕ್ಕೆ ಬೆಲೆಯಾಗಿ ನನ್ನ ಸೈನ್ಯಕ್ಕೆ ಜರಿ ಅಂಚಿನ ಒಂದು ಬಾವುಟವನ್ನು ಉಡುಗೊರೆ ಕೊಟ್ಟಿದ್ದಿರಿ. ಸೋತು ಓಡುವ ಸೈನ್ಯಕ್ಕೆ ಬಾವುಟ. ಹಿಂದಿನಿಂದ ಅಟ್ಟಿಸಿಕೊಂಡು ಬರುವವರಿಗೆ ನಾವು ದೂರದಿಂದಲೇ ಕಾಣಲಿ ಎಂದಿರಬೇಕು. ಅದೇ ಅಪ್‌ಡೇಟಿನಲ್ಲಿ ನೀವು ಆಟಕ್ಕೆ ಕನ್ನಡವನ್ನೂ ಸೇರಿಸಿದ್ದೀರಿ. ಅಂದಮೇಲೆ ಕನ್ನಡ ಓದುವವರು ಒಬ್ಬರಾದರೂ ನಿಮ್ಮ ಆಫೀಸಿನಲ್ಲಿ ಇರಲೇಬೇಕು. ಅವರಿಗೆ ನನ್ನ ನಮಸ್ಕಾರ, ದಯವಿಟ್ಟು ಇದನ್ನು ಜೋರಾಗಿ ಓದಿ ಹೇಳಿ.

ನಮ್ಮ ಹಾಸ್ಟೆಲ್ಲಿನಲ್ಲಿ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಡಿಗ್ರಿ ಓದಲು ಬಂದ ಹುಡುಗರಿದ್ದೇವೆ. ನಾನು ಅಂತರಸಂತೆಯವನು. ಕೆಳಗಿನ ರೂಮುಗಳಲ್ಲಿ ಮೊದಲ ವರ್ಷದವರು, ಮಹಡಿಯ ಮೇಲೆ ಸೀನಿಯರ್‌ಗಳು. ಈ ದರ್ಜೆಯನ್ನು ನೀರು ಮಾತ್ರ ಒಪ್ಪುವುದಿಲ್ಲ. ನಲ್ಲಿಯಲ್ಲಿ ಬರುವ ನೀರು ಅಂಗಳದ ತೊಟ್ಟಿ ತುಂಬುವಷ್ಟರಲ್ಲೇ ಸುಸ್ತಾಗುತ್ತದೆ. ಮೇಲಿನ ಟ್ಯಾಂಕಿಗೆ ಹತ್ತಿಸುವ ಮೋಟಾರು ನಾನು ಬರುವ ಮೊದಲೇ ಕೆಟ್ಟಿದ್ದು, ಈಗ ಅದರ ಮೇಲೊಂದು ತುಳಸಿ ಕುಂಡ ಇಟ್ಟಿದ್ದಾರೆ. ಆದ್ದರಿಂದ ಮೊದಲ ವರ್ಷದವರು ಬೆಳಗಾಗೆದ್ದು ಸೀನಿಯರ್‌ಗಳ ಬಕೆಟ್ಟುಗಳನ್ನು ತೊಟ್ಟಿಯಲ್ಲಿ ತುಂಬಿ ಮೆಟ್ಟಿಲು ಹತ್ತಿಸಬೇಕು. ಇದು ಪದ್ಧತಿ. ಸೀನಿಯರ್‌ಗಳು ಇದಕ್ಕೆ ಏತ ನೀರಾವರಿ ಎಂದು ಹೆಸರಿಟ್ಟಿದ್ದಾರೆ. ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ ಎಂದು ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದೆ. ಬಕೆಟ್ ಬದಲಾಯಿಸಿಕೊಳ್ಳಲು ನಾವು ಸ್ವಲ್ಪ ಹೊತ್ತು ನಿಲ್ಲುವುದು ಅಲ್ಲಿಯೇ.

ಹೀಗೆ ಹೊರುವವರಲ್ಲಿ ನಂಜುಂಡೇಶನೂ ಒಬ್ಬ. ಚುಂಚನಕಟ್ಟೆ ಕಡೆಯವನು, ಕಾಲುವೆ ನೀರಿನ ಗದ್ದೆಯಲ್ಲೇ ಹುಟ್ಟಿದವನ ಹಾಗೆ ಮಾತಾಡುತ್ತಾನೆ. ಕಬಡ್ಡಿಯಲ್ಲಿ ಅವನು ರೈಡಿಗೆ ಹೋದರೆ ನಮ್ಮ ಕಾಲೇಜಿನ ಮಟ್ಟಿಗೆ ಹಿಡಿಯುವವರಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ತಂಡದ ಅಭ್ಯಾಸವನ್ನು ಇಟ್ಟಿರುವುದು ಬೆಳಿಗ್ಗೆ, ಸರಿಯಾಗಿ ಏತ ನೀರಾವರಿಯ ಹೊತ್ತಿಗೆ. ತಡವಾಗಿ ಬರುವವನು ಬರಲೇಬೇಕೆಂದೇನೂ ಇಲ್ಲ ಎಂದು ಅವರು ಇವನಿಗೆ ಎಲ್ಲರ ಮುಂದೆ ಹೇಳಿಬಿಟ್ಟಿದ್ದರು. ನಂಜುಂಡೇಶ ಯಾರಿಗೂ ಏನೂ ಹೇಳಲಿಲ್ಲ. ಬಕೆಟ್ ಹೊತ್ತು ಓಡಿ ಹತ್ತಿ, ಓಡಿ ಇಳಿದು, ಒದ್ದೆ ಪ್ಯಾಂಟಿನಲ್ಲೇ ಗ್ರೌಂಡಿಗೆ ಓಡುತ್ತಿದ್ದ. ಆದರೂ ತಡವಾಗುತ್ತಿತ್ತು.

ಇಲ್ಲಿಗೆ ನಿಮ್ಮ ಆಟ ಬಂತು. ಆಡದವರಿಗಾಗಿ ಒಂದು ಮಾತು: ಇದರಲ್ಲಿ ಹಳೆಯ ಕಾಲದ ರಾಜ್ಯಗಳಿವೆ, ಒಬ್ಬೊಬ್ಬರು ಒಂದೊಂದು ಪಡೆ ಹಿಡಿದು ಇನ್ನೊಂದು ಗುಂಪಿನ ಮೇಲೆ ಯುದ್ಧ ಮಾಡಬೇಕು. ಬಿಲ್ಲಿನವರು ಈಟಿಯವರನ್ನು ದೂರದಿಂದಲೇ ಹೊಡೆಯುತ್ತಾರೆ, ಕುದುರೆಯವರು ಬಿಲ್ಲಿನವರನ್ನು ತುಳಿಯುತ್ತಾರೆ, ಈಟಿಯವರು ಕುದುರೆಯವರನ್ನು ತಡೆಯುತ್ತಾರೆ. ಯಾರೂ ಎಲ್ಲರಿಗಿಂತ ದೊಡ್ಡವರಲ್ಲ. ನನ್ನಂಥ ಹೆದರುಪುಕ್ಕಲನಿಗೆ ಈ ಆಟ ಹಿಡಿಸಿದ್ದೇ ಇದಕ್ಕಾಗಿ. ಹೊರಗಿನ ಪ್ರಪಂಚದಲ್ಲಿ ದೊಡ್ಡವರು ಯಾರೆಂದು ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ. ಇಲ್ಲಿ ಹಾಗಿರಲಿಲ್ಲ. ಕುದುರೆ ಇರುವ ರಾಜ್ಯಗಳನ್ನು ಕಾಸು ಕೊಟ್ಟು ತೆರೆಯಬೇಕು, ಪಾಳೆಯಗಾರನ ಈಟಿ ಪಡೆ ಪುಕ್ಕಟೆ. ಸೀನಿಯರ್‌ಗಳೆಲ್ಲ ಕುದುರೆ, ನಾವೆಲ್ಲ ಈಟಿ. ನಿಮ್ಮ ಆಟದ ಈಟಿಯವರನ್ನು ನೀವು ಹತ್ತಿರದಿಂದ ನೋಡಿದ್ದೀರಾ? ತಲೆಗೊಂದು ವಸ್ತ್ರ, ಮಂಡಿವರೆಗೆ ಪಂಚೆ, ಬರಿಗಾಲು. ನೋಡಿದ ಕೂಡಲೇ ನಮ್ಮ ಕಡೆಯವರು ಅನ್ನಿಸುತ್ತಾರೆ.

ಸೀನಿಯರ್‌ಗಳ ದಳವಾಯಿ ಸುನೀಲ್‌ಕುಮಾರ್, ಪಿರಿಯಾಪಟ್ಟಣದವರು, ಕೊನೆಯ ವರ್ಷ. ಒಂದು ದಿನ ನಾನು ಅವರ ಬಕೆಟ್ ಇಳಿಸುವಾಗ, ಈಟಿಯ ಸಾಲು ಸರಿಯಾಗಿ ನಿಂತರೆ ಕುದುರೆ ಏನೂ ಮಾಡಲಾರದು ಎಂದು ಬಾಯಿ ತಪ್ಪಿ ಅಂದೆ. ಅವರು ಹಲ್ಲುಜ್ಜುವುದನ್ನು ನಿಲ್ಲಿಸಿದರು.

‘ಏನಂದೆ ಮರಿ?’

‘ಏನಿಲ್ಲಣ್ಣ. ಥಿಯರಿ ಪ್ರಕಾರ ಅಂದೆ.’

‘ನಿನ್ ಥಿಯರಿ ನಾಕ್ ಜನದ್ ಮುಂದೆ ತೋರ್ಸು ಮತ್ತೆ. ಶನಿವಾರ ಆಡಾನ. ನೀವ್ ಗೆದ್ರೆ ಅವತ್ತಿಂದ ನಮ್ ಬಕೆಟ್ ನಾವೇ ಹೊತ್ಕೋತೀವಿ. ಸೋತ್ರೆ ಬಟ್ಟೆನೂ ನಿಮ್ದೇ, ವರ್ಷ ಮುಗಿಯೋಗಂಟ.’

‘ಯಾವ ಶನಿವಾರ ಅಣ್ಣ?’

‘ನೀನೇ ಯೋಳು. ಆಮೇಲೆ ಟೈಮ್ ಕೊಡ್ಲಿಲ್ಲ ಅನ್ಬ್ಯಾಡ.’

ಧಾರಾಳವಾಗಿಯೇ ಹೇಳಿದರು. ನಾನು ಸೆಮಿಸ್ಟರ್ ಪರೀಕ್ಷೆಗೆ ಮುಂಚಿನ ಒಂದು ಶನಿವಾರ ಹೇಳಿದೆ. ಕೆಳಗೆ ಬಂದು ರೂಮಿನಲ್ಲಿ ವಿಷಯ ತಿಳಿಸಿದಾಗ ಗಾವಡಗೆರೆಯ ಶಶಿಕುಮಾರ, ‘ಬಟ್ಟೆನೂ ಅಂದ್ನಾ? ಒಳಬಟ್ಟೆನೂ ಸೇರಿ ಅಂತಾನಾ ಕೇಳ್ಕೊಂಡ್ಯಾ?’ ಎಂದ. ಕೇಳಿರಲಿಲ್ಲ. ನಂಜುಂಡೇಶ ಮಾತ್ರ, ‘ಗೆದ್ರೆ ಸೋಮವಾರ ಟೈಮಿಗ್ ಸರ‍್ಯಾಗಿ ಗ್ರೌಂಡ್‌ಗೋಯ್ತಿನಿ ಕಣ್ಲಾ’ ಎಂದ. ಅಷ್ಟೇ ಅವನ ಮಾತು. ಅವನು ಏನನ್ನಾದರೂ ಬಯಸಿದ್ದನ್ನು ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ.

ನೆಲವನ್ನು ಆರಿಸಿಕೊಳ್ಳುವ ಹಕ್ಕು ಸವಾಲು ಹಾಕಿಸಿಕೊಂಡವರದು, ಅದು ನಿಮ್ಮದೇ ನಿಯಮ. ನಾವು ಗದ್ದೆ ಬಯಲನ್ನು ಆರಿಸಿದೆವು. ಆಗ ನಿಮ್ಮ ಆಟದಲ್ಲಿ ಕೆಸರಿಗೆ ಕೆಸರಿನ ಗುಣವಿತ್ತು. ಗದ್ದೆಗಿಳಿದ ಕುದುರೆ ಕಾಲು ಕಿತ್ತು ಕಿತ್ತು ಇಡುತ್ತಿತ್ತು, ದಡ ಮುಟ್ಟುವಷ್ಟರಲ್ಲಿ ಅದರ ಆವೇಶವೆಲ್ಲ ಇಳಿದಿರುತ್ತಿತ್ತು. ಅಲ್ಲಿ ಈಟಿ ಹಿಡಿದು ನಿಂತವನಿಗೆ ಕೆಲಸ ಸಲೀಸು. ಆದರೆ ನಮ್ಮ ವ್ಯೂಹದಲ್ಲಿ ಒಂದು ವಿಚಿತ್ರವಿತ್ತು. ನಿಮ್ಮ ಆಟದಲ್ಲಿ ಪೈರಿನ ನಡುವೆ ನಿಂತ ಪಡೆಗೆ ಬಾಣದಿಂದ ಮರೆ ಸಿಗುತ್ತದೆ, ಆಡುವವರೆಲ್ಲ ಅಲ್ಲೇ ನಿಲ್ಲಿಸುತ್ತಾರೆ. ನಾನೂ ಅದನ್ನೇ ಹೇಳಿದೆ. ನಂಜುಂಡೇಶ ಒಪ್ಪಲಿಲ್ಲ.

‘ಪೈರೊಳಕ್ಕೆ ಯಾವನ್ಲಾ ಜನ ಇಳಿಸಿದ್ದು? ಬದಿನ್ ಮ್ಯಾಕೆ ತಗಾ.’

‘ಇದು ಗೇಮ್ ಕಣೋ. ಕವರ್ ಸಿಗುತ್ತೆ.’

‘ಗೇಮೇ ಆಗ್ಲಿ. ತೆನೆ ಬಂದೈತೆ ನೋಡು, ತುಳಿಯಾಕ್ ಮನ್ಸ್ ಬಂದಾದಾ?’

‘ಯಾರದೋ ಕಂಪ್ಯೂಟರ್ ಬರೆದ ತೆನೆ ಅದು.’

‘ಯಾವನ್ ಬರ‍್ದಿದ್ರೂ ನಟ್ಟೋನ್ ಒಬ್ಬ ಇರ್ತಾನೆ ಕಣ್ಲಾ. ಬುಡು, ಬದಿನ್ ಮ್ಯಾಲೇ ನಿಲ್ಲಾನ.’

ಹೀಗೆ ಪ್ರಪಂಚದಲ್ಲಿ ಯಾರೂ ಮಾಡದ ಕೆಲಸವನ್ನು ನಾವು ಮಾಡಿದೆವು. ಇಡೀ ಈಟಿ ಸೈನ್ಯವನ್ನು ಗದ್ದೆಯ ಬದುವಿನ ಮೇಲೆ, ಒಬ್ಬರ ಹಿಂದೊಬ್ಬರಂತೆ, ಪೈರಿಗೆ ಕಾಲು ತಾಗದ ಹಾಗೆ ನಿಲ್ಲಿಸಿದೆವು. ನೋಡಲು ಕಳೆ ಕಿತ್ತು ಮನೆಗೆ ಹೊರಟವರ ಸಾಲಿನಂತಿತ್ತು. ಅಪ್‌ಡೇಟಿಗೆ ಮೊದಲು ಇದೂ ನಡೆಯುತ್ತಿತ್ತು, ನಂಬಿ. ಶನಿವಾರ ಭಾನುವಾರ ಊರೂರಿನ ಅಪರಿಚಿತರ ಮೇಲೆ ಆಡಿ ನೋಡಿದೆವು. ಕುದುರೆಗಳು ಕೆಸರಿನಲ್ಲಿ ಏದುಸಿರು ಬಿಡುತ್ತ ಬದುವಿನ ತನಕ ಬರುತ್ತಿದ್ದವು, ಈಟಿ ಕಂಡು ನಿಲ್ಲುತ್ತಿದ್ದವು. ಸಾಲು ಸಣ್ಣದು, ಆದರೂ ಮುರಿಯುತ್ತಿರಲಿಲ್ಲ. ನಾನು ರಾತ್ರಿ ಸರಿಯಾಗಿ ನಿದ್ದೆ ಮಾಡಿದ ವಾರಗಳು ಅವು.

ಪಂದ್ಯದ ಶನಿವಾರಕ್ಕೆ ಮುಂಚೆ, ಅದೇ ವಾರದ ನಡುವೆ ನಿಮ್ಮ ಅಪ್‌ಡೇಟ್ ಬಂತು. ನಮಗೆ ಬಂದದ್ದು ಗೊತ್ತಾಗಲಿಲ್ಲ, ಏಕೆಂದರೆ ಮೊದಲ ವರ್ಷದವರ ಫೋನುಗಳು ಸೋಮವಾರದಿಂದ ಶನಿವಾರ ಮಧ್ಯಾಹ್ನದವರೆಗೆ ವಾರ್ಡನ್ ಅಣ್ಣಯ್ಯನವರ ಬೀರುವಿನಲ್ಲಿರುತ್ತವೆ. ಸೀನಿಯರ್‌ಗಳಿಗೆ ಈ ನಿಯಮವಿಲ್ಲ, ಅವರಿಗೆ ಪ್ರಾಜೆಕ್ಟ್ ವರ್ಕ್ ಇರುತ್ತದೆ. ಶನಿವಾರ ನಾವು ಫೋನು ಕೇಳಲು ಹೋದಾಗ ಅಣ್ಣಯ್ಯನವರು ಸಂಭ್ರಮದಲ್ಲಿದ್ದರು. ನಮ್ಮ ಪಂದ್ಯದ ಸುದ್ದಿ ಅವರಿಗೂ ಹೋಗಿತ್ತು. ಬಕೆಟ್ಟಿನ ವಿಷಯ ಹೋಗಿರಲಿಲ್ಲ.

‘ತಗೊಳ್ಳಿ, ಎಲ್ಲಾದ್ಕೂ ಫುಲ್ ಚಾರ್ಜ್ ಮಾಡಿವ್ನಿ. ಆಪೀಸಿನ ವೈಫೈನೂ ಆನ್ ಮಾಡಿ ಇಟ್ಟಿದ್ದೆ. ಬ್ಯಾಟ್ರಿ ಇರ್ಲಿಲ್ಲ ಅಂತ ಮಾತ್ರ ಸೋಲ್ಬ್ಯಾಡ್ರಪ್ಪ.’

ಸ್ಕಾಲರ್‌ಶಿಪ್ ಅರ್ಜಿ ತುಂಬಿದಾಗಿನಿಂದ ನಮ್ಮ ಫೋನುಗಳಿಗೂ ಆಫೀಸಿನ ವೈಫೈಗೂ ಪರಿಚಯವಿದೆ. ಬೀರುವಿನೊಳಗೆ, ಕತ್ತಲಲ್ಲಿ, ಅಷ್ಟೂ ಫೋನುಗಳು ನಿಮ್ಮ ಅಪ್‌ಡೇಟನ್ನು ಕುಡಿದು ಮಲಗಿದ್ದವು. ಆಟ ತೆರೆದಾಗ ಏನೋ ಹೊಸ ಸೂಚನೆ ಮೂಡಿತು. ಎಲ್ಲರೂ ಅದರ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಂದೆ ಹೋದೆವು. ಸೂಚನೆ ಓದಬೇಕಿತ್ತು ಎಂದು ನೀವು ಹೇಳುತ್ತೀರಿ. ನಿಜ, ಓದಬೇಕಿತ್ತು. ನೀವು ಎಂದಾದರೂ, ಹತ್ತಾರು ಸೀನಿಯರ್‌ಗಳು ಸುತ್ತ ನಿಂತು ‘ಬಟ್ಟೆ ನೆನೆ ಹಾಕಿವ್ನಿ ಕಣ್ಲಾ, ಬೇಗ ಬಾ’ ಎಂದು ಹಾಡುತ್ತಿರುವಾಗ ಸೂಚನಾ ಪತ್ರ ಓದಿದ್ದೀರಾ?

ಆಮೇಲೆ ಓದಿದೆ. ಬಾಯಿಪಾಠವಾಗಿದೆ. ಈಟಿ ಪಡೆಗೆ ಕುದುರೆಯ ಎದುರು ಸಿಗುತ್ತಿದ್ದ ಹೆಚ್ಚಿನ ಬಲವನ್ನು ಇಳಿಸಲಾಗಿದೆ. ಕೆಸರು ನೆಲದಲ್ಲಿ ಕುದುರೆಯ ವೇಗ ಕುಂದುವುದನ್ನು ಬಹುಮಟ್ಟಿಗೆ ತೆಗೆಯಲಾಗಿದೆ. ಪಕ್ಕದ ಪಡೆ ಓಡಿದರೆ ಉಳಿದ ಪಡೆಗಳ ಧೈರ್ಯ ಇನ್ನು ಮುಂದೆ ಬೇಗ ಕುಸಿಯುತ್ತದೆ. ಕಾರಣ: ಯುದ್ಧಗಳು ಮತ್ತಷ್ಟು ಚುರುಕಾಗಲಿ, ರೋಚಕವಾಗಲಿ ಎಂದು. ಚಿತ್ರ ಮಾತ್ರ ಹಳೆಯದೇ. ಗದ್ದೆ ಅದೇ, ನೀರು ಅದೇ, ತೆನೆ ಅದೇ. ಕೆಸರಿನಿಂದ ಕೆಸರನ್ನು ಮಾತ್ರ ತೆಗೆದಿದ್ದೀರಿ.

ಯುದ್ಧ ಟೀವಿ ಹಾಲಿನಲ್ಲಿ ನಡೆಯಿತು. ವರ್ಣನೆ ಮಾಡುವಷ್ಟು ಹೊತ್ತು ನಡೆಯಲಿಲ್ಲ. ಸುನೀಲಣ್ಣನ ಕುದುರೆಗಳು ಆಚೆ ದಡದಿಂದ ಇಳಿದವು. ‘ಬರ್ಲಿ ಬರ್ಲಿ, ಕೆಸರೊಳಗ್ ಹೂತ್ಕೊತಾವೆ’ ಎಂದು ನಂಜುಂಡೇಶ ಮೆಲ್ಲಗೆ ಹೇಳುತ್ತಿದ್ದ. ಅವು ಹೂತುಕೊಳ್ಳಲಿಲ್ಲ. ಡಾಂಬರು ರಸ್ತೆಯ ಮೇಲೆ ಬಂದ ಹಾಗೆ ಬಂದವು. ನೀರು ಕೂಡ ಚಿಮ್ಮಲಿಲ್ಲ. ಬದುವಿನ ಮೇಲಿದ್ದ ನಮ್ಮ ಮೊದಲ ಪಡೆ ಈಟಿ ಚಾಚಿತು, ಕುದುರೆಗಳು ಅದರ ಮೇಲೆಯೇ ಹಾದುಹೋದವು. ಆ ಪಡೆ ಓಡಿತು. ಅದು ಓಡಿದ್ದು ಕಂಡು ಅದರ ಹಿಂದಿನದು, ಅದನ್ನು ಕಂಡು ಇನ್ನೊಂದು. ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಿಂತವರು ಒಬ್ಬರ ಹಿಂದೊಬ್ಬರು ಓಡಿದರು. ಓಡುವಾಗ ನಿಮ್ಮ ಹೊಸ ಕನ್ನಡದಲ್ಲಿ ಕೂಗುತ್ತಿದ್ದರು: ‘ನಾವು ಪರಾಜಿತರಾದೆವು, ಹಿಮ್ಮೆಟ್ಟಿರಿ.’

‘ಸಾಯೋವಾಗ ಯಾವನ್ಲಾ ಅಂಗಂತಾನೆ’ ಎಂದು ಶಶಿಕುಮಾರ ಬೇಸರದಿಂದ ಹೇಳಿದ. ಆ ದಿನ ನಮ್ಮ ಕಡೆ ನಕ್ಕದ್ದು ಅದೊಂದು ಮಾತಿಗೆ.

ನಂಜುಂಡೇಶ ನಗಲಿಲ್ಲ. ಸ್ಕ್ರೀನನ್ನೇ ನೋಡುತ್ತಿದ್ದ. ಕುದುರೆಗಳು ಗೆದ್ದ ಮೇಲೂ ಗದ್ದೆಯಲ್ಲಿ ಅತ್ತಿಂದಿತ್ತ ಸುತ್ತುತ್ತಿದ್ದವು, ನಿಮ್ಮ ಆಟದಲ್ಲಿ ಗೆದ್ದವರು ಹಾಗೆ ಸುತ್ತುತ್ತಾರೆ. ‘ಸೋತೋದ್ವಿ ಸರಿ. ಪೈರ‍್ನೂ ಹಾಳ್ ಮಾಡುದ್ರಲ್ಲ’ ಎಂದ.

ಅಪ್‌ಡೇಟ್ ಬಂದದ್ದು ನಿಮಗೆ ಮೊದಲೇ ಗೊತ್ತಿತ್ತಾ ಎಂದು ನಾನು ಸುನೀಲಣ್ಣನನ್ನು ಕೇಳಿದೆ. ಮುಚ್ಚಿಡಲಿಲ್ಲ. ‘ಗೊತ್ತಿತ್ತು. ಎರಡ್ ದಿನದಿಂದ ಅದ್ರಲ್ಲೇ ಪ್ರಾಕ್ಟೀಸು. ಯೋಳ್ಬೇಕಿತ್ತಾ? ಯುದ್ಧ ಕಣ್ಲಾ ಇದು, ಶುಭಕಾರ್ಯ ಅಲ್ಲ ಕರ‍್ದು ಯೋಳಾಕೆ.’ ಆಮೇಲೆ ನನ್ನ ಮುಖ ನೋಡಿ ಹೆಗಲ ಮೇಲೆ ಕೈಯಿಟ್ಟರು. ‘ನಾವೂ ಹೊತ್ತಿವಿ ಮರಿ. ನಮ್ ಸೀನಿಯರ್‌ಗಳು ಕೊಡಪಾನ ಕೊಡೋರು. ನಿಮ್ಗೆ ಹಿಡಿ ಇರೋ ಬಕೆಟ್ಟು.’ ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು.

ನಿಮ್ಮ ಮೂರನೇ ಬದಲಾವಣೆಯನ್ನು, ಅಂದರೆ ಒಬ್ಬ ಓಡಿದರೆ ಪಕ್ಕದವನ ಧೈರ್ಯವೂ ಹೋಗುತ್ತದೆ ಎಂಬುದನ್ನು, ನಾನು ಪ್ರಶ್ನಿಸುವುದಿಲ್ಲ. ಅದರ ಮಟ್ಟಿಗೆ ನೀವು ಚರಿತ್ರೆಗೆ ನಿಷ್ಠರು. ಟೀವಿ ಹಾಲಿನ ಬಾಗಿಲು ದಾಟುವುದರೊಳಗೆ ಶಶಿಕುಮಾರ, ‘ನಾನ್ ಮೊದ್ಲಿಂದ್ಲೂ ಬ್ಯಾಡ ಅಂದಿದ್ದೆ’ ಎಂದ. ಅದನ್ನು ಕೇಳಿ ನಮ್ಮ ಜೊತೆಯ ಶಿವಶಂಕರ, ತಾನು ಆಡಿಯೇ ಇಲ್ಲ, ಫೋನು ಮಾತ್ರ ಕೊಟ್ಟಿದ್ದೆ ಎಂದ. ಅವನನ್ನು ನೋಡಿ ಇನ್ನೊಬ್ಬ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ನನ್ನ ಎಡಬಲದಲ್ಲಿ ಒಂದು ಪಡೆಯೂ ಉಳಿದಿರಲಿಲ್ಲ. ನಿಮ್ಮ ಲೆಕ್ಕ ಅಷ್ಟು ಕರಾರುವಾಕ್ಕಾಗಿದೆ.

ಸೋಮವಾರ ಬೆಳಿಗ್ಗೆ ನಂಜುಂಡೇಶ ಎರಡು ಕೈಯಲ್ಲೂ ಬಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ಗ್ರೌಂಡಿನ ಕಡೆಯಿಂದ ಸೀಟಿ ಕೇಳಿಸಿತು. ಅವನು ಗೋಡೆಯ ಕೆಂಪು ಅಕ್ಷರದ ಹತ್ತಿರ ನಿಂತ, ಬಕೆಟ್ ಕೆಳಗಿಟ್ಟ, ಕೈ ಬದಲಾಯಿಸಿದ, ಮತ್ತೆ ಹತ್ತಿದ. ಆ ವಾರ ತಂಡದ ಹೆಸರುಗಳನ್ನು ಓದಿದರು. ಅವನ ಹೆಸರಿರಲಿಲ್ಲ. ಅವನ ಜಾಗಕ್ಕೆ ಬಂದವನು ರೈಡಿಗೆ ಹೋದರೆ ಗೆರೆ ಮುಟ್ಟಿ ವಾಪಸ್ ಬರುತ್ತಾನೆ, ಮೈದಾನ ಸರಿಯಿದೆಯಾ ಎಂದು ನೋಡಲು ಹೋದವನ ಹಾಗೆ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ನೀವು ಹೇಳಬಹುದು: ಪ್ರಪಂಚದ ಬೇರೆ ಬೇರೆ ಕಡೆಯಿಂದ ದೂರುಗಳು ಬಂದಿದ್ದವು, ಕುದುರೆ ಕೊಂಡವರು ಈಟಿಯವರ ಕೈಲಿ ಸೋಲುತ್ತಿದ್ದರು, ಅಂಕಿಅಂಶ ನೋಡಿ ಸಮತೋಲನ ಮಾಡಿದೆವು. ಒಳ್ಳೆಯದು. ಕಾಸು ಕೊಟ್ಟವನು ಪುಕ್ಕಟೆಯವನ ಕೈಲಿ ಸೋಲುವುದು ನಿಮ್ಮ ತಕ್ಕಡಿಯಲ್ಲಿ ಅಸಮತೋಲನ. ಹಾಗಿದ್ದರೆ ಚರಿತ್ರೆ ಎಂಬ ಪದವನ್ನು ಆಟದ ಹೆಸರಿನ ಕೆಳಗಿನಿಂದ ತೆಗೆದುಬಿಡಿ, ಅಂಗಡಿ ಎಂದು ಬರೆಯಿರಿ, ತಕರಾರಿಲ್ಲ. ಯುದ್ಧಗಳು ಬಹಳ ಹೊತ್ತು ನಡೆಯುತ್ತಿದ್ದವು ಎನ್ನುತ್ತೀರಿ. ಸ್ವಾಮಿ, ಬಹಳ ಹೊತ್ತು ನಡೆಯಬೇಕು ಅಂತಲೇ ತಾನೆ ಬರಿಗಾಲಿನವನು ಕೆಸರಿನ ಹಿಂದೆ ನಿಲ್ಲುವುದು? ಬೇಗ ಮುಗಿಯುವ ಯುದ್ಧ ಯಾವತ್ತೂ ಕುದುರೆ ಇದ್ದವನದು. ನಿಧಾನವೊಂದೇ ನಮ್ಮ ಹತ್ತಿರ ಇದ್ದ ಆಯುಧ. ಅದನ್ನು ನೀವು ರೋಚಕತೆಗೆ ಅಡ್ಡಿ ಎಂದು ಕಿತ್ತುಕೊಂಡಿರಿ.

ಕೆಸರಿನ ಬಗ್ಗೆ ನಿಮಗೆ ಅನುಮಾನವಿದ್ದರೆ ಒಂದು ಸಲ ಕೆ.ಆರ್. ನಗರದ ಕಡೆ ಬನ್ನಿ, ನಾಟಿಯ ಕಾಲದಲ್ಲಿ. ಟ್ರ್ಯಾಕ್ಟರು ಕೂಡ ಗದ್ದೆಗೆ ಇಳಿಯುವಾಗ ಟೈರಿನ ಜೊತೆ ಕಬ್ಬಿಣದ ಚಕ್ರ ಕಟ್ಟಿಸಿಕೊಂಡು ಇಳಿಯುತ್ತದೆ. ಅಷ್ಟು ಮರ್ಯಾದೆ ಟ್ರ್ಯಾಕ್ಟರಿಗೂ ಗೊತ್ತು. ನೀವು ಕುದುರೆ ತರುವುದು ಬೇಡ, ಕಾಲಿಗೆ ಹಾಕಿಕೊಂಡ ಬೂಟು ಸಾಕು. ಬದುವಿನಿಂದ ಹತ್ತು ಹೆಜ್ಜೆ ಒಳಕ್ಕೆ ನಡೆಯಿರಿ. ವಾಪಸ್ ಬರುವಾಗ ಎರಡೂ ಬೂಟು ನಿಮ್ಮ ಕಾಲಲ್ಲಿದ್ದರೆ ನಾನು ಈ ಪತ್ರವನ್ನು ಹಿಂದಕ್ಕೆ ಪಡೆಯುತ್ತೇನೆ. ನಿಮ್ಮ ಆಟದ ಆನೆಗಳ ವಿಷಯ ಎತ್ತುವುದೇ ಇಲ್ಲ. ಪಟಾಕಿ ಸದ್ದಿಗೆ ನಿಮ್ಮ ಆನೆಗಳು ಸಾಲಾಗಿ ತಿರುಗಿ, ಶಿಸ್ತಿನಿಂದ ಹಿಂದಕ್ಕೆ ಹೋಗುವುದನ್ನು ರಜೆಯಲ್ಲಿ ನಮ್ಮವ್ವನಿಗೆ ತೋರಿಸಿದೆ. ಕಾಡಂಚಿನ ಊರಿನ ಹೆಂಗಸು, ಒಲೆ ಮುಂದೆ ಕೂತವಳು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ‘ಯಾವ್ ಸ್ಕೂಲಿಗ್ ಓಯ್ತಾವ್ಲಾ ಇವು?’ ಎಂದಳು.

ಇಷ್ಟು ಬರೆದ ಮೇಲೆ ನಿಲ್ಲಿಸಬಹುದಿತ್ತು. ಸೋತವನ ಕೂಗಾಟ ಎಂದು ನೀವು ನಗಬಹುದಿತ್ತು, ನಾನೂ ಬಕೆಟ್ ಹೊತ್ತು ವರ್ಷ ದೂಡಬಹುದಿತ್ತು. ಬಹಿರಂಗವಾಗಿ ಬರೆಯುವ ಹಾಗೆ ಮಾಡಿದ್ದು ಹೋದ ಭಾನುವಾರದ ಒಂದು ಸಂಗತಿ.

ಬಟ್ಟೆ ಒಗೆದು ಹರವಿ ರೂಮಿಗೆ ಬಂದೆ. ನಂಜುಂಡೇಶ ಕಿಟಕಿಯ ಹತ್ತಿರ ಫೋನು ಹಿಡಿದು ಕೂತಿದ್ದ. ನಿಮ್ಮ ಆಟ. ಇಣುಕಿ ನೋಡಿದರೆ ಗದ್ದೆ ಬಯಲು. ಆಚೆ ಬದುವಿನ ಮೇಲೆ ಯಾರೋ ಅಪರಿಚಿತರ ಈಟಿ ಪಡೆ ನಿಂತಿದೆ. ಇವನು ಕುದುರೆಯ ಮೇಲಿದ್ದಾನೆ. ಸುನೀಲಣ್ಣ ತಮ್ಮ ಖಾತೆಯನ್ನೇ ಆಡಲು ಕೊಟ್ಟಿದ್ದಾರಂತೆ. ಮುಂದಿನ ವರ್ಷ ಅವರು ಕಾಲೇಜಿನಲ್ಲಿರುವುದಿಲ್ಲ, ಕುದುರೆ ಯಾರಾದರೂ ನೋಡಿಕೊಳ್ಳಬೇಕಲ್ಲ. ಅವನು ಕುದುರೆಗಳನ್ನು ಗದ್ದೆಗೆ ಇಳಿಸಿದ. ಬದುವಿನ ಮೇಲೆ ಸುತ್ತಿ ಬರುವ ದಾರಿಯಿತ್ತು, ನೇರ ಪೈರಿನ ನಡುವೆಯೇ ಬಿಟ್ಟ. ತೆನೆಗಳು ಮಲಗಿದವು.

‘ಪೈರು ಕಣೋ ಅದು’ ಎಂದೆ.

ತಲೆಯೆತ್ತಲಿಲ್ಲ. ‘ಕುದ್ರೆ ಮ್ಯಾಲ್ ಕುಂತ್ರೆ ಪೈರು ಕಾಣಾಕಿಲ್ಲ ಕಣ್ಲಾ’ ಎಂದ. ಆಚೆ ಬದುವಿನ ಪಡೆ ಓಡತೊಡಗಿತು. ಅದರ ಹಿಂದೆ ಕುದುರೆ ಅಟ್ಟುತ್ತಲೇ ಹೇಳಿದ, ‘ಮುಂದಿನ್ ವರ್ಸ ನಾವ್ ಮ್ಯಾಲಿರ್ತೀವಲ್ಲ. ಹೊಸ ಹುಡುಗ್ರು ಬತ್ತಾರೆ. ಯಾವನಾದ್ರೂ ಈಟಿ ಹಿಡ್ಕೊಂಡು ನಿಂತ್ಕೊತಾನೆ. ಇವಾಗ್ಲೇ ಕಲ್ತ್ಕೊ ಬಾ.’

ಮತ್ತು ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

ಸಮತೋಲನಾಧಿಕಾರಿಗಳೇ, ನಾನು ಕೂತೆ. ಬೇಡ ಎಂದು ಹೇಳಿ ಎದ್ದು ಹೋದೆ ಎಂದು ಬರೆದರೆ ಪತ್ರ ಚೆನ್ನಾಗಿರುತ್ತಿತ್ತು. ಕೂತೆ, ಕುದುರೆ ತೆಗೆದುಕೊಂಡೆ, ಅದು ಕೈಗೆ ಎಷ್ಟು ಹಗುರವಾಗಿ ಬರುತ್ತದೆಂದು ನೋಡಿದೆ. ಮೇಲಿನ ರೂಮಿನ ಕಿಟಕಿಯಿಂದ ಅಂಗಳದ ತೊಟ್ಟಿ ಹ್ಯಾಗೆ ಕಾಣಬಹುದು ಎಂಬ ಯೋಚನೆಯೂ ಬಂತು. ನಾಳೆ ಬರುವ ಹುಡುಗರಿಗೆ ಕೊಡಪಾನ ಕೊಡುವುದಿಲ್ಲ, ಹಿಡಿ ಇರುವ ಬಕೆಟ್ಟೇ ಕೊಡುತ್ತೇವೆ ಎಂದು ನಾನು ನನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದುದು ಆಮೇಲೆ ಗಮನಕ್ಕೆ ಬಂತು. ನೀವು ಬದಲಾಯಿಸಿದ್ದು ಈಟಿಯ ಬಲವನ್ನಷ್ಟೇ ಅಂದುಕೊಂಡಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಇದು. ಹೊಸ ವರ್ಷದ ಹುಡುಗರು ಟ್ರಂಕು ಹಿಡಿದು ನಮ್ಮ ಹಾಸ್ಟೆಲ್ಲಿನ ಗೇಟು ದಾಟುವ ಮೊದಲು ಈಟಿಗೆ ಅದರ ಬಲವನ್ನೂ ಗದ್ದೆಗೆ ಅದರ ಕೆಸರನ್ನೂ ವಾಪಸ್ ಕೊಡಿ. ಬಾವುಟವನ್ನು ನೀವೇ ಇಟ್ಟುಕೊಳ್ಳಿ. ನಂಜುಂಡೇಶನ ಕಬಡ್ಡಿ ತಂಡವನ್ನು ನೀವು ವಾಪಸ್ ಕೊಡಲಾರಿರಿ, ಗೊತ್ತು. ಆದರೆ ಆ ಹೊಸಬರಲ್ಲಿ ಯಾರೋ ಒಬ್ಬನಿಗೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಎಲ್ಲಿಗೋ ಹೋಗಬೇಕಾಗಿರುತ್ತದೆ. ಅವನು ಬಾಯಿಬಿಟ್ಟು ಹೇಳುವುದಿಲ್ಲ. ಅವನು ನಮ್ಮನ್ನು ಸೋಲಿಸುವ ಒಂದು ದಾರಿ ಆಟದಲ್ಲಾದರೂ ಇರಲಿ. ನಮ್ಮ ಒಳ್ಳೆಯತನದ ಮೇಲೆ ಬಿಡಬೇಡಿ. ನಾನು ಕುದುರೆಯ ಮೇಲೆ ಒಂದು ಮಧ್ಯಾಹ್ನ ಕೂತು ನೋಡಿದ್ದೇನೆ.

ಮಾನ್ಯತೆಯ ಪ್ರಶ್ನೆ ಕೊನೆಯಲ್ಲಿ ಎಂದಿದ್ದೆ. ಕೆಸರು ಬರಲಿ, ಆಮೇಲೆ ಮಾನ್ಯರೇ ಎಂದು ಬರೆಯುತ್ತೇನೆ.

ಇಂತಿ,
ಒಂದು ಕೈಯಲ್ಲಿ ಸುನೀಲಣ್ಣನ ಬಕೆಟ್ಟು, ಇನ್ನೊಂದರಲ್ಲಿ ಅವರದೇ ಕುದುರೆಯ ಲಗಾಮು ಹಿಡಿದಿರುವ
ಈಟಿ ಪಡೆಯ ಮಾಜಿ ಸೇನಾಪತಿ,
ಬಿ.ಎಸ್ಸಿ. ಮೊದಲ ವರ್ಷ, ಕೆಳಗಿನ ರೂಮು, ಹುಣಸೂರು